ಎದೆಹಾಲು ಕಟ್ಟಿ ಜ್ವರ ಬಂದಾಗ ಚೀನೀ ವೈದ್ಯರು ಏನ್ ಮಾಡ್ತಾರೆ: ಗ್ವಾಂಗ್‌ಝೌನಲ್ಲಿ ನನಗಾದ ಅನುಭವ

ತುಂಗಾತೀರದವಳು

ಎಲ್ರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವ್ಳು, ನಮ್ಮನೆಯವ್ರ ಕೆಲ್ಸಕ್ಕೆ ಅಂತ ನಾಲ್ಕು ವರ್ಷದಿಂದ ಚೀನಾದ ಗ್ವಾಂಗ್‌ಝೌನಲ್ಲಿದೀವಿ. ಎರಡನೇ ಮಗು ಹುಟ್ಟಿ ಈಗ ಏಳು ವಾರ. ಅಮ್ಮಂಗೆ ವೀಸಾ ಟೈಮಿಗೆ ಸರಿಯಾಗಿ ಸಿಗ್ಲಿಲ್ಲ, ಹಾಗಾಗಿ ಈ ಸಲದ ಬಾಣಂತನ ನಾವಿಬ್ರೇ ಹೇಗೋ ಮಾಡ್ಕೊಂಡ್ವಿ.

ನಾಲ್ಕನೇ ವಾರದಲ್ಲಿ ಒಂದ್ ರಾತ್ರಿ ಪಾಪು ಹಾಲು ಕುಡೀತಾ ಕುಡೀತಾ ಹಾಗೇ ನಿದ್ದೆ ಹೋದ, ನಾನೂ ಸುಸ್ತಾಗಿ ಮಲಗ್ಬಿಟ್ಟೆ, ಆರು ಗಂಟೆ ಇಬ್ರಿಗೂ ಎಚ್ಚರ ಇಲ್ಲ. ಬೆಳಿಗ್ಗೆ ಎದ್ರೆ ಎಡಗಡೆ ಎದೆ ಹೊರಭಾಗದಲ್ಲಿ ಕಲ್ಲಿನ ಥರ ಗಟ್ಟಿ, ಮೇಲೆ ಅಂಗೈಯಷ್ಟಗಲ ಕೆಂಪು. ಮಧ್ಯಾಹ್ನದ ಹೊತ್ತಿಗೆ ಹಲ್ಲು ಕಟಕಟ ಅನ್ನೋ ಚಳಿ, ಜ್ವರ 39.1 ಡಿಗ್ರಿ ಸೆಲ್ಸಿಯಸ್. ಕೆಳಗಿನ ಮನೆ ಆಯಿ ಬಂದು ನೋಡಿ ಒಂದೇ ಮಾತಲ್ಲಿ ಹೇಳಿದ್ರು, "ರು ಯೊಂಗ್" ಅಂತ (ಇಲ್ಲಿ ಅಮ್ಮನ ವಯಸ್ಸಿನ ಹೆಂಗಸರನ್ನ "ಆಯಿ" ಅಂತಾರೆ, ನಮ್ಮ ಚಿಕ್ಕಮ್ಮ ಇದ್ದ ಹಾಗೆ). ರು ಅಂದ್ರೆ ಮೊಲೆ ಅಥವಾ ಹಾಲು, ಯೊಂಗ್ ಅಂದ್ರೆ ಕೆಂಪಾಗಿ ಬಿಸಿಯಾಗಿ ಕೀವಿನ ಕಡೆ ಹೋಗೋ ಬಾವು.

ಆಯಿ ಒಳ್ಳೆ ಮನಸ್ಸಿಂದಾನೇ ಹಾಲು ಇಳಿಸೋ ಮಸಾಜಿನವ್ರನ್ನ ಕರೆಸಿದ್ರು. ಇಲ್ಲಿ ಇದಕ್ಕೇ ಅಂತ ಹೆಂಗಸ್ರಿದಾರೆ, ಮನೆಗೇ ಬರ್ತಾರೆ. ಬಂದವ್ರು ಮುಕ್ಕಾಲು ಗಂಟೆ ಹಿಟ್ಟು ನಾದೋ ಹಾಗೆ ನಾದಿದ್ರು. ನಾನು ದಿಂಬು ಕಚ್ಚಿಕೊಂಡಿದ್ದೆ. ಅವತ್ತು ಸ್ವಲ್ಪ ಹಾಲು ಬಂತು ನಿಜ, ಮಾರನೇ ದಿನ ನೋಡಿದ್ರೆ ಕೆಂಪು ಇನ್ನೂ ಅಗಲ ಆಗಿದೆ, ಬೆರಳಿನ ಗುರುತೆಲ್ಲ ನೀಲಿಗಟ್ಟಿದೆ. ಆಗ ಚೀನೀ ವೈದ್ಯ ಪದ್ಧತಿಯ ಒಂದು ಆಸ್ಪತ್ರೆಗೆ ಓಡಿದ್ವಿ, ಅಲ್ಲಿ ಸ್ತನದ ತೊಂದರೆಗಳಿಗೆ ಅಂತಾನೇ ಬೇರೆ ವಿಭಾಗ ಇದೆ.

ಡಾಕ್ಟರಮ್ಮ ಮೊದಲು ಪೆನ್ನು ತಗೊಂಡು ಗಡ್ಡೆ ಸುತ್ತ ಗೆರೆ ಎಳೆದ್ರು, ಸ್ಕೇಲಲ್ಲಿ ಅಳತೆ ತಗೊಂಡ್ರು, 7 ಸೆಂಟಿಮೀಟರ್ ಉದ್ದ, 5 ಅಗಲ. ನಾಲಿಗೆ ಚಾಚಿಸಿ ನೋಡಿದ್ರು, ಎರಡೂ ಕೈಲಿ ಮೂರು ಮೂರು ಬೆರಳಿಟ್ಟು ನಾಡಿ ನೋಡಿದ್ರು. ಆಮೇಲೆ ಕೇಳಿದ ಮೊದಲನೇ ಪ್ರಶ್ನೆ, "ಈಚೆಗೆ ಯಾರ ಮೇಲಾದ್ರೂ ಸಿಟ್ಟು ಬಂದಿತ್ತಾ, ಬಾಯಿಬಿಟ್ಟು ಹೇಳದೆ ಇಟ್ಕೊಂಡಿದೀಯಾ?" ಅಂತ. ನಂಗೆ ಅಳು ತಡೆಯೋಕಾಗ್ಲಿಲ್ಲ. ಅಮ್ಮ ಬರ್ಲಿಲ್ಲ ಅಂತ ಇದ್ದ ಸಂಕಟ ಎಲ್ಲ ಅಲ್ಲೇ ಹೊರಗೆ ಬಂತು. ಹಾಲು ಕಟ್ಟಿದ್ದಕ್ಕೂ ಸಿಟ್ಟಿಗೂ ಏನ್ ಸಂಬಂಧ ಅಂತ ಆಮೇಲೆ ಯೋಚನೆ ಹತ್ತಿತು, ಓದ್ತಾ ಹೋದೆ, ಅದಕ್ಕೇ ಈ ಥ್ರೆಡ್.

ಸ್ಕ್ಯಾನ್, ರಕ್ತಪರೀಕ್ಷೆ ಎಲ್ಲ ಮಾಡಿದ್ರು, ಕೀವು ಆಗಿರ್ಲಿಲ್ಲ. ಆಂಟಿಬಯೋಟಿಕ್ ಕೊಟ್ರು, ಅದರ ಜೊತೆ ಕಷಾಯ (ಆಸ್ಪತ್ರೆಯವರೇ ಕುದಿಸಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಪ್ಯಾಕ್ ಮಾಡಿ ಕೊಡ್ತಾರೆ, ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿ ಕುಡೀಬೇಕು), ಮೇಲೆ ಹಚ್ಚೋಕೆ ಹಳದಿ ಲೇಪ. ಎಲ್ಲಕ್ಕಿಂತ ಮುಖ್ಯ, ಹಾಲು ಕುಡಿಸೋದು ನಿಲ್ಲಿಸಬೇಡ ಅಂದ್ರು. ಯಾರಿಗಾದ್ರೂ ಈ ಪದ್ಧತಿ ಬಗ್ಗೆ ಗೊತ್ತಿದ್ರೆ ಹೇಳಿ. ಡಾಕ್ಟ್ರುಗಳಿದ್ರೆ ದಯವಿಟ್ಟು ನಿಮ್ಮ ಮಾತೂ ಬೇಕು.

ಹುಬ್ಬಳ್ಳಿ ಪ್ರಸೂತಿ ಡಾಕ್ಟರ್

ತಂಗಿ, ಮೊದಲಿಗೆ ಒಂದ್ ಮಾತು, ಜ್ವರ ಬಂದ ಕೂಡ್ಲೆ ಆಸ್ಪತ್ರಿಗೆ ಹೋಗಿ ಸ್ಕ್ಯಾನ್ ಮಾಡಿಸ್ಕೊಂಡ್ರಲ್ಲ, ಭಾಳ ಚಲೋ ಮಾಡಿದ್ರಿ. ನಮ್ಮ ಕಡೆ ಎಷ್ಟೋ ಮಂದಿ ಕೀವು ತುಂಬಿ ಎದಿ ಒಡಿಯೂ ಮಟಾ ಮನ್ಯಾಗ ಕೂಡ್ತಾರ, ಆಮ್ಯಾಲೆ ಬಂದು ಕಣ್ಣೀರು ಹಾಕ್ತಾರ, ನೋಡೂದು ಸಂಕಟ ಆಗ್ತೈತ್ರಿ.

ಆ ಮಸಾಜ್ ಬಗ್ಗೆ ನಾ ಖಡಾಖಂಡಿತ ಹೇಳ್ತೀನಿ. ಬಾವು ಇದ್ದ ಎದಿ ನಾದಬ್ಯಾಡ್ರಿ. ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಅನ್ನೂ ಸಂಸ್ಥೆ 2022ರಾಗ ಹೊಸ ಮಾರ್ಗಸೂಚಿ ಹೊರಡಿಸೇತಿ, ಅದರಾಗ ಇದ ಮುಖ್ಯ ಮಾತು. ಮೊದಲ ನಾವೂ ಏನ್ ಹೇಳ್ತಿದ್ವಿ ಅಂದ್ರ, ಒಂದು ನಾಳ ಮುಚ್ಚೇತಿ, ಹಿಚುಕಿ ತೆಗೀರಿ, ಬಿಸಿ ಶಾಖ ಕೊಡ್ರಿ, ಪಂಪ್ ಹಚ್ಚಿ ಖಾಲಿ ಮಾಡ್ರಿ ಅಂತ. ಈಗ ತಿಳಿದಿದ್ದು ಏನಂದ್ರ, ಹಾಲಿನ ನಾಳದ ಸುತ್ತಲಿನ ಮಾಂಸ ಬಾತು ನಾಳ ಒತ್ತಿ ಹಿಡೀತೈತಿ. ಅದನ್ನ ಜೋರಾಗಿ ತಿಕ್ಕಿದ್ರ ಬಾವು ಹೆಚ್ಚಾಕ್ಕೈತಿ, ಒಳಗಿನ ಸಣ್ಣ ರಕ್ತನಾಳಕ್ಕ ಪೆಟ್ಟಾಕ್ಕೈತಿ. ಹಗುರಕ ಚರ್ಮದ ಮ್ಯಾಲೆ ಕಂಕುಳ ಕಡೆ ಸವರಬಹುದು, ಬೆಕ್ಕಿನ ಮೈ ಸವರಿಧಂಗ, ಅಷ್ಟ ಭಾರ ಸಾಕು. ಮಗು ಕೇಳಿದಾಗ ಕುಡಿಸ್ರಿ, ಹೆಚ್ಚಿಗಿ ಪಂಪ್ ಮಾಡಿ ಖಾಲಿ ಮಾಡಾಕ ಹೋಗಬ್ಯಾಡ್ರಿ, ಖಾಲಿ ಮಾಡಿದಷ್ಟೂ ದೇಹ ಹೆಚ್ಚು ಹಾಲು ಮಾಡ್ತೈತಿ. ತಂಪು ಪಟ್ಟಿ ಇಡ್ರಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಹಾಲುಣಿಸೂ ತಾಯಿಗೆ ಸಾಮಾನ್ಯವಾಗಿ ನಡೀತಾವು, ಆದ್ರ ನಿಮ್ಮ ಡಾಕ್ಟರ್‌ನ ಕೇಳೇ ತಗೊಳ್ರಿ.

ಚೀನೀ ಔಷಧದ ವಿಷಯ ನನಗ ಗೊತ್ತಿಲ್ಲ, ಗೊತ್ತಿದ್ದವ್ರು ಹೇಳ್ರಿ, ನಾನೂ ಓದ್ತೀನಿ.

ಬೀದರ್‌ನಿಂದ ಬೀಜಿಂಗ್

ನಾನು ಚೀನೀ ಭಾಷೆ ಕಲಿತು ಅವರ ವೈದ್ಯ ಇತಿಹಾಸ ಓದ್ತಾ ಇರೋನು. ವೈದ್ಯ ಅಲ್ಲ, ಹಳೇ ಗ್ರಂಥಗಳಲ್ಲಿ ಏನಿದೆ ಅಂತ ಮಾತ್ರ ಹೇಳ್ತೀನಿ ಅಕ್ಕ.

ನಿಮ್ಮ ಡಾಕ್ಟರಮ್ಮ ಸಿಟ್ಟಿನ ಬಗ್ಗೆ ಯಾಕೆ ಕೇಳಿದ್ರು ಅನ್ನೋದಕ್ಕೆ ಉತ್ತರ ಅವರ ಶರೀರದ ನಕ್ಷೆಯಲ್ಲಿದೆ. ಅವರ ಪ್ರಕಾರ ಮೈಯಲ್ಲಿ "ಚಿ" ಅನ್ನೋ ಚೈತನ್ಯ ಹರಿಯೋ ದಾರಿಗಳಿವೆ. ಮೊಲೆ ಹೊಟ್ಟೆಯ ದಾರಿಗೆ ಸೇರಿದ್ದು, ಮೊಲೆತೊಟ್ಟು ಯಕೃತ್ತಿನ ದಾರಿಗೆ ಸೇರಿದ್ದು. ಇದನ್ನ ಹೀಗೆ ಸ್ಪಷ್ಟವಾಗಿ ಹೇಳಿದೋನು ಝು ದಾನ್‌ಶಿ ಅನ್ನೋ 14ನೇ ಶತಮಾನದ ವೈದ್ಯ. ಊಟದಿಂದ ಹಾಲು ಹುಟ್ಟೋದು ಹೊಟ್ಟೆಯ ಕೆಲಸ, ಅದನ್ನ ಸರಾಗ ಹರಿಸಿ ಹೊರಗೆ ಬಿಡೋದು ಯಕೃತ್ತಿನ ಕೆಲಸ, ಮತ್ತೆ ಯಕೃತ್ತು ಸಿಟ್ಟಿನ ಮನೆ. ಸಿಟ್ಟು, ಸಂಕಟ ಒಳಗೇ ಉಳಿದ್ರೆ ಯಕೃತ್ತಿನ ಚಿ ಕಟ್ಕೊಳ್ಳುತ್ತೆ, ತೊಟ್ಟಿನ ಬಾಯಿ ಬಿಗಿಯುತ್ತೆ, ಹಾಲು ನಿಲ್ಲುತ್ತೆ. ಅದರ ಜೊತೆ ಬಾಣಂತಿಗೆ ಜಿಡ್ಡು ಮಾಂಸದ ಊಟ ಹೆಚ್ಚಾಗಿ ಹೊಟ್ಟೆಯಲ್ಲಿ ಉಷ್ಣ ಸೇರಿದ್ರೆ ನಿಂತ ಹಾಲು ಕೊಳೆತು ಬಾವಾಗುತ್ತೆ. ತೊಟ್ಟು ಬಿರಿದಿದ್ರೆ ಹೊರಗಿನ ವಿಷ ಆ ದಾರಿಯಲ್ಲಿ ಒಳಗೆ ಹೋಗುತ್ತೆ ಅಂತಾನೂ ಹೇಳ್ತಾರೆ. ಈ ಕೊನೇದನ್ನ ಇವತ್ತಿನ ಡಾಕ್ಟ್ರು ಬ್ಯಾಕ್ಟೀರಿಯಾ ಅಂತಾರೆ ಅಷ್ಟೇ.

ಕಾಲದ ಲೆಕ್ಕ ನೋಡಿದ್ರೆ ಆಶ್ಚರ್ಯ ಆಗುತ್ತೆ. 610ರಲ್ಲಿ ಸುಯಿ ದೊರೆಗಳ ಆಸ್ಥಾನದಲ್ಲಿ ಚಾವ್ ಯುವಾನ್‌ಫಾಂಗ್ ಬರೆದ ರೋಗಕಾರಣಗಳ ಗ್ರಂಥದಲ್ಲೇ, ಹೆತ್ತ ಮೇಲೆ ಹಾಲು ಹಿಂಡಿ ತೆಗೀದೆ ನಿಂತ್ರೆ ಬಾವು ಬರುತ್ತೆ ಅಂತಿದೆ. 659ರಲ್ಲಿ ತಾಂಗ್ ಸರ್ಕಾರ ಹೊರಡಿಸಿದ ಔಷಧಿ ಕೋಶದಲ್ಲಿ ಡ್ಯಾಂಡೆಲಿಯನ್ ಗಿಡದ ಬಗ್ಗೆ, ಹೆಂಗಸರ ಮೊಲೆಬಾವಿಗೆ ಇದನ್ನ ನೀರಲ್ಲಿ ಕುದಿಸಿ ಕುಡಿಸಿ, ಅರೆದು ಮೇಲೂ ಕಟ್ಟಿ ಅಂತ ಬರ್ದಿದೆ. 1,300 ವರ್ಷಕ್ಕೂ ಮೇಲಾಯ್ತು, ಇವತ್ತೂ ಅದೇ ಗಿಡ. ಚೀನೀಯಲ್ಲಿ ಪುಗೊಂಗ್‌ಯಿಂಗ್ ಅಂತಾರೆ, ನಿಮ್ಮ ಪೊಟ್ಟಣದಲ್ಲೂ ಇದ್ದೇ ಇರುತ್ತೆ.

ಇನ್ನೊಂದು, ನೀವು ಬರೆದಿದ್ದು ಓದಿ ಮೈ ಜುಂ ಅಂತು. 1237ರಲ್ಲಿ ಚೆನ್ ಝಿಮಿಂಗ್ ಅನ್ನೋ ವೈದ್ಯ ಬರೆದ ಸ್ತ್ರೀರೋಗ ಗ್ರಂಥದಲ್ಲಿ ಇದಕ್ಕೆ "ಊದಿದ ಹಾಲು" ಅಂತ ಹೆಸರು. ಮಗು ಹಾಲು ಕುಡೀತಾ ಕುಡೀತಾ ಹಾಗೇ ನಿದ್ದೆ ಹೋಗುತ್ತೆ, ಅದರ ಉಸಿರು ತೊಟ್ಟಿಗೆ ತಾಗುತ್ತೆ, ಹಾಲು ಹೊರಗೆ ಬರ್ದೆ ಒಳಗೇ ಸೇರಿ ಗಟ್ಟಿಯಾಗುತ್ತೆ ಅಂತ. ಉಸಿರು ಊದಿದ್ದಕ್ಕೆ ಬಾವು ಬಂತು ಅನ್ನೋದನ್ನ ಇವತ್ತು ಯಾರೂ ಒಪ್ಪಲ್ಲ, ಆದ್ರೆ ಮಗು ಮಲಗಿ ಹಾಲು ನಿಂತಿದ್ದನ್ನ ಆ ಕಾಲದವ್ರು ಎಷ್ಟು ಹತ್ತಿರದಿಂದ ಕಂಡಿದ್ರು ನೋಡಿ. ಈಗಲೂ ಹಾಲುಣಿಸೋ ತಾಯಿಗೆ ಬಂದ್ರೆ "ಹೊರಗಿನ ಊದು", ಬಸುರಿಗೆ ಬಂದ್ರೆ "ಒಳಗಿನ ಊದು" ಅಂತ ಅವರ ಪಠ್ಯಪುಸ್ತಕದಲ್ಲೇ ಇದೆ.

ತುಂಗಾತೀರದವಳು

@ಬೀದರ್‌ನಿಂದ ಬೀಜಿಂಗ್ ಅಣ್ಣಾ, ಎಷ್ಟು ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಹೌದು ಪುಗೊಂಗ್‌ಯಿಂಗ್ ಇತ್ತು. ನನ್ನ ಚೀಟಿಯಲ್ಲಿ ಇದ್ದ ಕೆಲವು ಹೆಸರು ನಮ್ಮನೆಯವ್ರ ಆಫೀಸಿನವ್ರ ಹತ್ರ ಓದಿಸಿ ಬರ್ಕೊಂಡಿದ್ದೆ: ಗುವಾಲೌ, ನಿಯುಬಾಂಗ್‌ಝಿ, ಚೈಹು, ಹನಿಸಕಲ್ ಹೂವು, ಕಿತ್ತಳೆ ಜಾತಿಯ ಹಸಿರು ಸಿಪ್ಪೆ, ವಾಂಗ್‌ಬುಲಿಯುಶಿಂಗ್. ಈ ಕೊನೇದು ಏನು?

ಹಳದಿ ಲೇಪದ ಬಗ್ಗೆ ಹೇಳ್ಲೇಬೇಕು. ಡಬ್ಬಿ ಮುಚ್ಚಳ ತೆಗೆದ ತಕ್ಷಣ ನಮ್ಮ ಅಡುಗೆಮನೆ ವಾಸನೆ. ಅರಿಶಿನ! ನರ್ಸ್ ಹತ್ರ ಕೇಳಿದ್ರೆ ನಕ್ಕು ಹೌದು ಹೌದು ಅಂದ್ರು. ಬಟ್ಟೆ ಮೇಲೆ ದೋಸೆ ದಪ್ಪಕ್ಕೆ ಸವರಿ ಗಡ್ಡೆ ಮೇಲೆ ಇಟ್ರು, ತೊಟ್ಟಿಗೂ ಸುತ್ತಲಿನ ಕಪ್ಪು ಭಾಗಕ್ಕೂ ತಾಗದ ಹಾಗೆ ನಡುವೆ ತೂತು ಬಿಟ್ಟು. ಮಗುಗೆ ಕುಡಿಸೋ ಮುಂಚೆ ಪೂರ್ತಿ ತೊಳೀಬೇಕು, ಇದರಲ್ಲಿ ಮಗುವಿನ ಬಾಯಿಗೆ ಹೋಗಬಾರದ ಗಡ್ಡೆ ಇದೆ ಅಂತ ಮೂರು ಸಲ ಹೇಳಿದ್ರು.

ಬೀದರ್‌ನಿಂದ ಬೀಜಿಂಗ್

ಅದು ಜಿನ್‌ಹುವಾಂಗ್ ಲೇಪ, "ಬಂಗಾರದ ಹಳದಿ" ಅಂತ ಅರ್ಥ. 1617ರಲ್ಲಿ ಚೆನ್ ಶಿಗೋಂಗ್ ಅನ್ನೋ ಶಸ್ತ್ರವೈದ್ಯ ಬರೆದ ಗ್ರಂಥದಲ್ಲಿ ಇದರ ಪಾಕ ಇದೆ. ಅರಿಶಿನ, ರೇವಲ್ಚಿನ್ನಿ ಬೇರು ಇನ್ನೂ ಕೆಲವು ಸೇರಿ ಹತ್ತು ಪದಾರ್ಥ. ಮಗುವಿನ ಬಾಯಿಗೆ ಹೋಗಬಾರದು ಅಂದಿದ್ದು ತಿಯಾನ್‌ನಾನ್‌ಶಿಂಗ್ ಇರೋದಕ್ಕೆ, ಅದು ಸುವರ್ಣಗಡ್ಡೆಯ ಸಂಬಂಧಿ, ಹಸಿಯದು ಬಾಯಿ ಗಂಟಲು ಸುಡುತ್ತೆ. ನಿಮ್ಮ ನರ್ಸ್ ಸರಿಯಾಗೇ ಹೇಳಿದಾರೆ. ಕಷಾಯ ಬಹುಶಃ ಗುವಾಲೌ ನಿಯುಬಾಂಗ್ ತಾಂಗ್, 1742ರಲ್ಲಿ ಚಕ್ರವರ್ತಿಯ ಅಪ್ಪಣೆಯಂತೆ ಮಾಡಿದ ವೈದ್ಯ ಸಂಗ್ರಹದಲ್ಲಿರೋ ಪಾಕ. ಗುವಾಲೌ ನಮ್ಮ ಪಡವಲಕಾಯಿ ಕುಲದ್ದೇ ಒಂದು ಬಳ್ಳಿಯ ಹಣ್ಣು.

ವಾಂಗ್‌ಬುಲಿಯುಶಿಂಗ್ ಸಾಸಿವೆಗಿಂತ ಒಂಚೂರು ದಪ್ಪ ಕಪ್ಪು ಬೀಜ. ಹೆಸರಿನ ಅರ್ಥ "ರಾಜ ತಡೆದ್ರೂ ನಿಲ್ಲದೆ ಹರಿಯೋದು" ಅಂತ ಬಿಡಿಸ್ತಾರೆ. ಹಾಲು ಹರಿಸೋಕೆ ಕೊಡ್ತಾರೆ. ಅದೇ ಬೀಜನ ಕಿವಿಯ ಮೇಲೆ ಪ್ಲಾಸ್ಟರ್ ಹಾಕಿ ಅಂಟಿಸಿ ಆಗಾಗ ಒತ್ತಿ ಅಂತಾನೂ ಹೇಳ್ತಾರೆ.

ಶಿರಸಿ ಕಾಡುಪ್ರೇಮಿ

ಈ ವಿಷಯಕ್ಕೆ ನಾ ಬರೋದು ವಿಚಿತ್ರ ಅನ್ನಿಸ್ಬಹುದು, ನಂಗೆ ಬಾಣಂತನ ಗೊತ್ತಿಲ್ಲೆ. ಆದ್ರೆ ಹಾಲು ಹರಿಸೋ ಚೀನೀ ಔಷಧಿ ಅಂದ ಕೂಡ್ಲೆ ನನ್ನ ಎದೆ ಧಸಕ್ ಅಂತು. ಚೀನಾದಲ್ಲಿ ಒಂದು ಹಳೇ ಗಾದೆ ಇದೆ, ಚಿಪ್ಪುಹಂದಿ ಚಿಪ್ಪು ಮತ್ತೆ ನೀವು ಹೇಳಿದ ಆ ರಾಜನ ಬೀಜ ತಿಂದ ಹೆಂಗಸಿನ ಹಾಲು ನಿಲ್ಲದೆ ಹರಿಯುತ್ತೆ ಅಂತ. ಚಿಪ್ಪುಹಂದಿ ನೆಲ ಕೊರ್ಕೊಂಡು ಹೋಗುತ್ತಲ್ಲ, ಹಾಗೇ ಇದರ ಚಿಪ್ಪೂ ಮೈಯೊಳಗೆ ಕಟ್ಟಿದ್ದನ್ನ ಕೊರ್ಕೊಂಡು ಹೋಗುತ್ತೆ ಅನ್ನೋ ನಂಬಿಕೆ. ಮೊಲೆಬಾವು ಪಕ್ವ ಮಾಡಿ ಕೀವು ಹೊರಗೆ ತರೋ ಕಷಾಯದಲ್ಲೂ ಅದನ್ನ ಹಾಕ್ತಿದ್ರು. ಆ ಚಿಪ್ಪು ನಮ್ಮ ಉಗುರಿನ ಥರದ್ದೇ ಕೆರಟಿನ್, ಬೇರೆ ಏನೂ ಅಲ್ಲ. ಅದಕ್ಕೋಸ್ಕರ ಆಫ್ರಿಕಾದಲ್ಲಿ, ನಮ್ಮ ಪಶ್ಚಿಮಘಟ್ಟದಲ್ಲಿ ಎಷ್ಟು ಚಿಪ್ಪುಹಂದಿ ಸತ್ತಿದಾವೆ ಅಂತ ನೆನೆಸ್ಕೊಂಡ್ರೆ ಹೊಟ್ಟೆ ಉರೀತದೆ. ರಾತ್ರಿ ಹೊತ್ತು ಹೊರಗೆ ಬರೋ, ಇರುವೆ ಗೆದ್ದಲು ತಿಂದ್ಕೊಂಡು ಬದುಕೋ, ಹೆದರಿದ್ರೆ ಚೆಂಡಿನ ಥರ ಸುತ್ತಿಕೊಳ್ಳೋ ಪ್ರಾಣಿ. ಸುತ್ತಿಕೊಂಡಿದ್ದನ್ನ ಮನುಷ್ಯ ಚೀಲಕ್ಕೆ ಹಾಕ್ಕೊಂಡು ಹೋಗೋದು ಎಷ್ಟು ಸುಲಭ ಯೋಚ್ನೆ ಮಾಡಿ.

ನಮ್ಮ ಕಾನೂನಲ್ಲಿ ಅದಕ್ಕೆ ಮೊದಲನೇ ಪಟ್ಟಿಯ ರಕ್ಷಣೆ ಇದೆ. 2016ರಲ್ಲಿ ಎಲ್ಲಾ ಎಂಟೂ ಜಾತಿ ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧಕ್ಕೆ ದೇಶಗಳು ಒಪ್ಪಿದ್ವು. 2020ರಲ್ಲಿ ಚೀನಾನೂ ಅದನ್ನ ಅತಿ ಮೇಲಿನ ರಕ್ಷಣೆಗೆ ಸೇರಿಸಿ, ಅದೇ ವರ್ಷದ ಅಧಿಕೃತ ಔಷಧಿ ಕೋಶದ ಪಟ್ಟಿಯಿಂದ ಚಿಪ್ಪನ್ನ ಕೈಬಿಡ್ತು. ಅಕ್ಕ, ನಿಮ್ಮ ಚೀಟಿಯಲ್ಲಿ "ಚುವಾನ್‌ಶಾನ್‌ಜಿಯಾ" ಅಂತ ಇದ್ರೆ ದಯವಿಟ್ಟು ಬೇಡ ಅನ್ನಿ.

ತುಂಗಾತೀರದವಳು

ಇಲ್ಲ ಅಣ್ಣ, ಚೀಟಿಯಲ್ಲಿ ಇಲ್ಲ, ಮತ್ತೆ ಮತ್ತೆ ನೋಡ್ದೆ. ಆದ್ರೆ ಆಯಿಗೆ ಈ ಗಾದೆ ಕೇಳಿದ್ರೆ ತಕ್ಷಣ ಬಾಯಿಗೆ ಬಂತು, ಅವರ ಬಾಣಂತನದಲ್ಲಿ ಕುಡಿದಿದ್ರಂತೆ. ಈಗ ಅದರ ಬದಲು ಬೇರೆ ಗಿಡದ ಮುಳ್ಳು ಹಾಕ್ತಾರೆ ಅಂದ್ರು.

ಮಂಡ್ಯದ ಹೊಸ ತಾಯಿ

ಅಕ್ಕ ನಂದೊಂದು ಪ್ರಶ್ನೆ, ಬಿಸಿ ಇಡಬೇಕಾ ತಂಪು ಇಡಬೇಕಾ? ನಮ್ಮತ್ತೆ ಬಿಸಿನೀರಲ್ಲಿ ಬಟ್ಟೆ ಅದ್ದಿ ಇಡು ಅಂತಾರೆ, ಡಾಕ್ಟರ್ ಮೇಡಂ ತಂಪು ಅಂತಿದಾರೆ, ಚೀನಾದವ್ರು ಏನಂತಾರೆ? ನಂಗೆ ಮೂರು ದಿನದಿಂದ ಬಲಗಡೆ ಗಡ್ಡೆ ಇದೆ, ಜ್ವರ ಇಲ್ಲ, ತಲೆ ಕೆಟ್ಟು ಹೋಗಿದೆ.

ತುಂಗಾತೀರದವಳು

@ಮಂಡ್ಯದ ಹೊಸ ತಾಯಿ ಪುಟ್ಟಾ, ಇದೇ ವಿಷಯಕ್ಕೆ ನಮ್ಮನೇಲೂ ದೊಡ್ಡ ಗಲಾಟೆ ಆಯ್ತು. ನಾನು ಫ್ರಿಜ್ಜಿಂದ ಐಸ್ ತೆಗೆದಿದ್ದನ್ನ ಆಯಿ ನೋಡಿ ಕೈಯಿಂದ ಕಿತ್ಕೊಂಡ್ರು. ತಿಂಗಳು ಕೂತಿರೋ ಬಾಣಂತಿ (ಇಲ್ಲಿ ಬಾಣಂತನಕ್ಕೆ "ತಿಂಗಳು ಕೂರೋದು" ಅಂತಾನೇ ಅನ್ನೋದು) ತಣ್ಣಗಿರೋದು ಮುಟ್ಟಬಾರದು ಅಂತ. ನಮ್ಮಜ್ಜಿನೇ ಎದುರು ನಿಂತ ಹಾಗಾಯ್ತು, ಕಿವಿಗೆ ಹತ್ತಿ ಇಟ್ಕೋ, ತಲೆಗೆ ಬಟ್ಟೆ ಕಟ್ಕೋ, ತಣ್ಣೀರು ಮುಟ್ಟಬೇಡ, ಎಲ್ಲ ಅವೇ ಮಾತು.

ಆಸ್ಪತ್ರೆ ಡಾಕ್ಟರಮ್ಮನ್ನ ಕೇಳಿದಾಗ ಅವರು ಹೇಳಿದ್ದು ನಂಗೆ ತುಂಬಾ ಕುತೂಹಲ ಹುಟ್ಟಿಸ್ತು. ಅವರ ಪ್ರಕಾರ ಇದು ಉಷ್ಣದ ಬಾವೇ, ತಂಪು ಮಾಡೋ ಗಿಡಮೂಲಿಕೆ ಬೇಕು, ಆದ್ರೆ ಮೊದಲ ಹಂತದಲ್ಲಿ ಮುಖ್ಯ ಕೆಲಸ ತಂಪು ಮಾಡೋದಲ್ಲ, ಹರಿಸೋದು. ಬರೀ ತಂಪಿನ ಔಷಧಿ ಜಾಸ್ತಿ ಕೊಟ್ರೆ ಉರಿ ಇಳಿಯುತ್ತೆ, ಜ್ವರ ಹೋಗುತ್ತೆ, ಆದ್ರೆ ಒಳಗೆ ಒಂದು ಜಡ ಗಡ್ಡೆ ಉಳಿದುಬಿಡುತ್ತೆ, ಕರಗೋದೂ ಇಲ್ಲ ಕೀವಾಗೋದೂ ಇಲ್ಲ, ವಾರಗಟ್ಟಲೆ ಹಾಗೇ ಕೂತಿರುತ್ತೆ. ಆಂಟಿಬಯೋಟಿಕ್‌ನೇ ನಂಬ್ಕೊಂಡು ಹಾಲು ಹರಿಸೋದು ಬಿಟ್ರೂ ಹೀಗೇ ಆಗುತ್ತೆ ಅಂತಾರೆ. ತುಪ್ಪ ತಣ್ಣಗಾದ್ರೆ ಗಟ್ಟಿಯಾಗಲ್ವಾ ಅಂತ ನಾನು ಅರ್ಥ ಮಾಡ್ಕೊಂಡೆ. ಅಂಥ ಜಡ ಗಡ್ಡೆ ಉಳಿದವ್ರಿಗೆ ಬೆಚ್ಚಗೆ ಮಾಡೋ ಬೇರೆ ಕಷಾಯ ಕೊಡ್ತಾರಂತೆ.

ನಾನು ಕೊನೆಗೆ ಮಾಡಿದ್ದು, ಕುಡಿಸೋ ಮುಂಚೆ ಒಂದೆರಡು ನಿಮಿಷ ಉಗುರುಬೆಚ್ಚಗಿನ ಬಟ್ಟೆ, ಕುಡಿಸಿದ ಮೇಲೆ ತಂಪು ಪಟ್ಟಿ. ಡಾಕ್ಟ್ರೇ, ಇದು ಸರಿನಾ?

ಹುಬ್ಬಳ್ಳಿ ಪ್ರಸೂತಿ ಡಾಕ್ಟರ್

ನಡೀತೈತಿ ತಂಗಿ. ಬಿಸಿ ಹೆಚ್ಚು ಹೊತ್ತು ಇಟ್ರ ಬಾವು ಹೆಚ್ಚಾಕ್ಕೈತಿ ಅಂತ ತಂಪು ಹೇಳೂದು. ಯಾರಿಗರ ಸ್ವಲ್ಪ ಬಿಸಿಯಿಂದ ಆರಾಮ ಅನಸಿದ್ರ ತಪ್ಪೇನಿಲ್ಲ. ತಂಪು ಇಟ್ರ ಹಾಲು ಹೆಪ್ಪಗಟ್ಟೂದಿಲ್ಲ, ಆ ಅಂಜಿಕಿ ಬ್ಯಾಡ.

@ಮಂಡ್ಯದ ಹೊಸ ತಾಯಿ, ನೀವು ಇದನ್ನ ಓದಿ ಸುಮ್ನ ಕೂಡಬ್ಯಾಡ್ರಿ. ಮೂರು ದಿನ ಆಗೇತಿ ಅಂದ್ರ ನಾಳೆ ಮುಂಜಾನಿ ತೋರಿಸ್ರಿ. ನಡುವ ಜ್ವರ ಬಂತು, ಚಳಿ ಬಂತು, ಗಡ್ಡಿ ಮ್ಯಾಲಿನ ಚರ್ಮ ಮಿಣಮಿಣ ಹೊಳ್ಯಾಕತ್ತಿತು, ಒತ್ತಿದ್ರ ನೀರು ತುಂಬಿದ ಬಲೂನಿನಂಗ ಅನಿಸ್ತು ಅಂದ್ರ ಮುಂಜಾನಿ ಮಟಾನೂ ಕಾಯಬ್ಯಾಡ್ರಿ. ಕೀವಾದ್ರ ಯಾವ ದೇಶದ ಕಷಾಯದಿಂದಾನೂ ಅದು ಹೊಕ್ಕೈತಿ ಅಂತ ಕೂಡಂಗಿಲ್ಲ, ಹೊರಗ ತೆಗೀಲೇಬೇಕು. ಈಗ ಸ್ಕ್ಯಾನ್ ನೋಡ್ಕೋತ ಸೂಜಿಲೇ ಎಳದು ತೆಗೀತೀವಿ, ದೊಡ್ಡ ಕೊಯ್ತ ಎಲ್ಲಾರಿಗೂ ಬೇಕಾಗೂದಿಲ್ಲ. ಗಡ್ಡಿ ಎರಡ್ಮೂರು ವಾರದಾಗ ಹೋಗಲಿಲ್ಲಂದ್ರ ಮತ್ತ ತೋರಿಸ್ಬೇಕು, ಬ್ಯಾರೆ ಏನೂ ಇಲ್ಲಂತ ಖಾತ್ರಿ ಮಾಡ್ಕೋಬೇಕು.

ಬೀದರ್‌ನಿಂದ ಬೀಜಿಂಗ್

ಡಾಕ್ಟರ್ ಮೇಡಂ ಹೇಳಿದ್ದು ಚೀನೀ ಪದ್ಧತಿಯಲ್ಲೂ ಹಾಗೇ ಇದೆ, ರು ಯೊಂಗ್‌ಗೆ ಮೂರು ಹಂತ. ಹಾಲು ಕಟ್ಟಿರೋದು, ಕೀವಾಗೋದು, ಒಡೆದ ಮೇಲಿನದು. ಮೊದಲನೇದಕ್ಕೆ ಹರಿಸು, ಎರಡನೇದಕ್ಕೆ ಉಷ್ಣ ಇಳಿಸಿ ಕೀವು ಹೊರಗೆ ತಳ್ಳು, ಮೂರನೇದಕ್ಕೆ ತಾಯಿಯ ರಕ್ತ, ಬಲ ತುಂಬು. ಕೀವು ಪಕ್ವ ಆದ್ರೆ ಕೊಯ್ಯಬೇಕು ಅಂತಾನೇ ಇದೆ, ಮತ್ತೆ ಕೊಯ್ಯೋದು ಚಕ್ಕಡಿ ಗಾಲಿಯ ಕಡ್ಡಿಗಳ ಥರ ತೊಟ್ಟಿನಿಂದ ಹೊರಮುಖವಾಗಿ, ಅಡ್ಡಡ್ಡ ಅಲ್ಲ. ಅಡ್ಡ ಕೊಯ್ದು ಹಾಲಿನ ನಾಳ ತುಂಡಾದ್ರೆ ಗಾಯದಿಂದ ಹಾಲು ಸೋರ್ತಾನೇ ಇರುತ್ತೆ, ಒಂದು ಕೋಣೆಯ ಕೀವು ಪಕ್ಕದ ಕೋಣೆಗೆ ದಾಟುತ್ತೆ. ನೀವಿರೋ ಗುವಾಂಗ್‌ಡಾಂಗ್ ಪ್ರಾಂತ್ಯದ ಕಡೆ ಕೆಲವು ಆಸ್ಪತ್ರೆಗಳಲ್ಲಿ ಕೆಂಪಗೆ ಕಾಯಿಸಿದ ಸೂಜಿಯಿಂದ ಸಣ್ಣ ತೂತು ಮಾಡಿ ಕೀವು ಇಳಿಸ್ತಾರೆ, ಕಲೆ ಸಣ್ಣದು ಅನ್ನೋ ಕಾರಣಕ್ಕೆ.

ಆಯುರ್ವೇದ ಓದಿದ ಉಡುಪಿಯವಳು

ಇದು ಓದಿ ನಾನು ನನ್ನ ಹಳೇ ಪುಸ್ತಕ ತೆಗ್ದೆ. ಸುಶ್ರುತ ಸಂಹಿತೆಯಲ್ಲಿ ಸ್ತನವಿದ್ರಧಿ (ಕೀವಾಗೋ ಮೊಲೆಬಾವು) ಚಿಕಿತ್ಸೆಯಲ್ಲಿ ಎರಡು ಮಾತು ಇದ್ದಾವೆ, ಇದಕ್ಕೆ ಎಷ್ಟು ಹತ್ತಿರ ನೋಡಿ. ಬಾವು ಹಸಿ ಇರ್ಲಿ, ಬೇಯ್ತಾ ಇರ್ಲಿ, ಹಣ್ಣಾಗಿರ್ಲಿ, ಹಾಲನ್ನ ಹಿಂಡಿ ತೆಗೀತಾನೇ ಇರ್ಬೇಕು ಅಂತ ಒಂದು. ಶಸ್ತ್ರ ಹಾಕುವಾಗ ಹಾಲಿನ ನಾಡಿಗಳನ್ನೂ ತೊಟ್ಟಿನ ಕಪ್ಪು ಭಾಗವನ್ನೂ ತಪ್ಪಿಸಬೇಕು ಅಂತ ಇನ್ನೊಂದು. ಯಾರು ಯಾರಿಂದ ಕಲಿತ್ರು ಅನ್ನೋ ಚರ್ಚೆ ನಂಗೆ ಬೇಡ, ಎರಡೂ ಕಡೆ ಕೈಯಲ್ಲಿ ಮುಟ್ಟಿ ನೋಡಿ ಕಲಿತವ್ರು ಅಂತ ನಂಗನ್ಸುತ್ತೆ.

ಆದ್ರೆ ಒಂದು ಎಚ್ಚರಿಕೆ ಹೇಳ್ಲೇಬೇಕು, ಇದನ್ನ ಓದಿದವ್ರು ದಯವಿಟ್ಟು ನೆನಪಿಟ್ಕೊಳ್ಳಿ. ಚೀನಾದಲ್ಲಿ ಬಾಣಂತಿಗೆ ಹಂದಿ ಕಾಲಿನ ಸೂಪ್ ಮಾಡುವಾಗ ಹಾಲು ಹರೀಲಿ ಅಂತ ತೊಂಗ್‌ತ್ಸಾವ್ ಹಾಕ್ತಾರೆ, ಅದು ಬೆಂಡಿನಂಥ ಬಿಳೀ ತಿರುಳು. ಅದೇ ಕೆಲಸಕ್ಕೆ ಮುತೊಂಗ್ ಅನ್ನೋ ಬಳ್ಳಿ ಕಾಂಡಾನೂ ಹಾಕೋ ರೂಢಿ ಇತ್ತು. ಆ ಹೆಸರಲ್ಲಿ ಮಾರಾಟ ಆಗ್ತಿದ್ದ ಒಂದು ಜಾತಿ, ಗುವಾನ್ ಮುತೊಂಗ್, ಅರಿಸ್ಟೊಲೋಕಿಯಾ ಕುಲದ್ದು. ಅದರಲ್ಲಿರೋ ಆಮ್ಲ ಮೂತ್ರಪಿಂಡ ಹಾಳು ಮಾಡುತ್ತೆ, ಕ್ಯಾನ್ಸರೂ ತರುತ್ತೆ. ಚೀನಾ ಸರ್ಕಾರ 2003ರಲ್ಲಿ ಅದನ್ನ ಔಷಧಿಯಾಗಿ ರದ್ದು ಮಾಡ್ತು. ಇದು ನಮಗ್ಯಾಕೆ ಮುಖ್ಯ ಅಂದ್ರೆ, ನಮ್ಮ ಹಿತ್ತಲಲ್ಲಿರೋ ಈಶ್ವರಿ ಬಳ್ಳಿ ಅದೇ ಕುಲ, ಅದರಲ್ಲೂ ಅದೇ ಆಮ್ಲ. ಹಾವಿನ ವಿಷಕ್ಕೆ, ಹೊಟ್ಟೆನೋವಿಗೆ ಅಂತ ಬೇರು ತೇಯ್ದು ಕುಡಿಸೋರು ಇನ್ನೂ ಇದ್ದಾರೆ. ಬಾಣಂತಿಗಂತೂ ಬೇಡವೇ ಬೇಡ. ನಾಟಿ ಅಂದ ಮಾತ್ರಕ್ಕೆ ತೊಂದರೆ ಇಲ್ಲ ಅಂತಲ್ಲ, ನಾನು ಆಯುರ್ವೇದ ಓದಿದವಳಾಗಿಯೇ ಇದನ್ನ ಹೇಳ್ತಿದ್ದೇನೆ.

ಮೈಸೂರು ಮಲ್ಲಿಗೆ ಅಜ್ಜಿ

ನಾನು ಮೊಮ್ಮಗಳ ಫೋನಲ್ಲಿ ಬರೀತಿದೀನಿ ಮಕ್ಕಳೇ. ನಮ್ಮ ಕಾಲದಲ್ಲಿ ಮಗು ಹೋಗ್ಬಿಟ್ರೆ, ಇಲ್ಲ ಹಾಲು ಬಿಡಿಸಬೇಕಾದ್ರೆ, ಎದೆ ಕಟ್ಟಿಕೊಂಡು ಒದ್ದಾಡೋ ಹುಡುಗಿಗೆ ಮಲ್ಲಿಗೆ ಹೂವಿನ ದಂಡೆ ಎದೆಗೆ ಕಟ್ಟೋರು. ಎರಡು ಮೂರು ದಿನದಲ್ಲಿ ಹಾಲು ಬತ್ತಿ ಹೋಗ್ತಿತ್ತು. ಚೀನಾದಲ್ಲಿ ಏನ್ ಮಾಡ್ತಾರೆ?

ಬೀದರ್‌ನಿಂದ ಬೀಜಿಂಗ್

ಅಜ್ಜಿ, ನಮಸ್ಕಾರ. ಅಲ್ಲಿ ಹುರಿದ ಮೊಳಕೆ ಬಾರ್ಲಿ ಕುದಿಸಿ ಕುಡಿಸ್ತಾರೆ, ಮಾಯ್ಯಾ ಅಂತ. ದೊಡ್ಡ ಪ್ರಮಾಣದಲ್ಲಿ ಕೊಟ್ರೆ ಹಾಲು ಬತ್ತುತ್ತೆ ಅಂತ ನಂಬಿಕೆ. ನೀವು ಹೇಳಿದ ಮಲ್ಲಿಗೆ ಬಗ್ಗೆ 1988ರಲ್ಲಿ ಒಂದು ಅಧ್ಯಯನವೇ ಪ್ರಕಟ ಆಗಿದೆ, ಹಾಲು ನಿಲ್ಲಿಸೋ ಬ್ರೋಮೋಕ್ರಿಪ್ಟಿನ್ ಮಾತ್ರೆ ಜೊತೆ ಹೋಲಿಸಿ ನೋಡಿದ್ರು, ಮಲ್ಲಿಗೆನೂ ಹಾಲು ಕಮ್ಮಿ ಮಾಡ್ತು. ನಿಮ್ಮ ಕಾಲದವ್ರ ಕೈಗುಣ ಸುಳ್ಳಲ್ಲ ಅಜ್ಜಿ.

ಲೀಡ್ಸ್‌ನ ಕನ್ನಡತಿ ಸೂಲಗಿತ್ತಿ

ನಾನು ಇಂಗ್ಲೆಂಡಲ್ಲಿ ಮಿಡ್‌ವೈಫ್. ಅಕ್ಯುಪಂಕ್ಚರ್ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ಬರೀತಿದೀನಿ. ಮೊಲೆಬಾವಿಗೆ ಚೀನೀಯರ ಮುಖ್ಯ ಬಿಂದು ಭುಜದ ಮೇಲಿದೆ, ಕುತ್ತಿಗೆಗೂ ಭುಜದ ತುದಿಗೂ ನಡುವೆ, ಅದರ ಹೆಸರು ಜಿಯಾನ್‌ಜಿಂಗ್, "ಭುಜದ ಬಾವಿ". ಸ್ವೀಡನ್ನಲ್ಲಿ ಸೂಲಗಿತ್ತಿಯರು ಸೇರಿ ಮಾಡಿದ ಒಂದು ಪ್ರಯೋಗ 2007ರಲ್ಲಿ ಪ್ರಕಟ ಆಯ್ತು, ಅದರಲ್ಲಿ ಈ ಬಿಂದುವೂ ಇತ್ತು. ಸೂಜಿ ಹಾಕಿಸ್ಕೊಂಡ ತಾಯಂದಿರಿಗೆ ಮೂರನೇ, ನಾಲ್ಕನೇ ದಿನ ನೋವು ಬಿಗಿತ ಕಮ್ಮಿ ಇತ್ತು, ಆದ್ರೆ ಒಟ್ಟು ಎಷ್ಟು ದಿನ ಆರೈಕೆ ಬೇಕಾಯ್ತು ಅನ್ನೋದರಲ್ಲಿ ವ್ಯತ್ಯಾಸ ಕಾಣ್ಲಿಲ್ಲ. 2020ರ ಕಾಕ್ರೇನ್ ವಿಮರ್ಶೆ (ಹಲವು ಪ್ರಯೋಗಗಳನ್ನ ಒಟ್ಟಿಗಿಟ್ಟು ತೂಗಿ ನೋಡೋ ವರದಿ) ಇಂಥ ಬಿಂದುಗಳ ಹಗುರ ಮಸಾಜ್ ಬಾವು ಬರದ ಹಾಗೆ ತಡೆಯೋಕೆ ಸಹಾಯ ಮಾಡಬಹುದು ಅಂದಿದೆ, ಆದ್ರೆ ಪ್ರಯೋಗಗಳು ಕಮ್ಮಿ. ನನ್ನ ಅಭಿಪ್ರಾಯ ಕೇಳಿದ್ರೆ, ನೋವು ಕಮ್ಮಿ ಆದ್ರೆ ತಾಯಿ ಧೈರ್ಯವಾಗಿ ಮಗುನ ಎದೆಗೆ ಹಾಕ್ಕೊಳ್ತಾಳೆ, ಅದೇ ದೊಡ್ಡ ಲಾಭ. ಆದ್ರೆ ಭುಜದ ಬಾವಿಯ ಕೆಳಗೇ ಶ್ವಾಸಕೋಶ ಇದೆ, ಆಳವಾಗಿ ಚುಚ್ಚಿದ್ರೆ ಗಾಳಿ ಸೋರಿ ಅಪಾಯ, ಬಸುರಿಯರಿಗೆ ಆ ಬಿಂದು ನಿಷಿದ್ಧ ಅಂತ ಚೀನೀ ಪದ್ಧತಿಯೇ ಹೇಳುತ್ತೆ. ತರಬೇತಿ ಇರೋರ ಹತ್ರ ಮಾತ್ರ.

ಮಂಡ್ಯದ ಹೊಸ ತಾಯಿ

ಇವತ್ತು ಬೆಳಿಗ್ಗೆ ಹೋಗಿದ್ದೆ ಮೇಡಂ. ಕೀವು ಇಲ್ಲ ಅಂದ್ರು. ಪಾಪು ತೊಟ್ಟು ಮಾತ್ರ ಕಚ್ಕೊಳ್ತಿತ್ತು, ಕಪ್ಪು ಭಾಗ ಬಾಯೊಳಗೆ ಹೋಗ್ತಿರ್ಲಿಲ್ಲ, ಅದಕ್ಕೇ ಬಿರುಕು. ನರ್ಸಕ್ಕ ಕೂತ್ಕೊಂಡು ಹಿಡ್ಕೊಳ್ಳೋದು ಹೇಳ್ಕೊಟ್ರು. ಮತ್ತೆ ನಮ್ಮತ್ತೆ ಹಾಲು ಸಾಲಲ್ಲ ಅಂತ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಮುದ್ದೆ ಎಲ್ಲ ಒಟ್ಟಿಗೆ ತುಂಬಿಸ್ತಿದ್ರು, ಸ್ವಲ್ಪ ದಿನ ಅದು ಬೇಡ ಅಂದ್ರು.

ತುಂಗಾತೀರದವಳು

ಓ, ಎಷ್ಟು ಸಮಾಧಾನ ಆಯ್ತು ಪುಟ್ಟಾ! ಊಟದ ವಿಷಯ ನಮ್ಮ ಡಾಕ್ಟರಮ್ಮನೂ ಹೇಳಿದ್ರು, ಆಯಿ ಕೊಡ್ತಿದ್ದ ಹಂದಿ ಕಾಲು, ಕಡ್ಲೆಕಾಯಿ ಸೂಪ್ ಎರಡು ವಾರ ಬೇಡ ಅಂತ (ನಾನು ಕುಡೀತಿದ್ದಿದ್ದು ಬರೀ ಕಡ್ಲೆಕಾಯಿದು, ನಾವು ಮಾಂಸ ತಿನ್ನಲ್ಲ ಅಂತ ಆಯಿ ನಂಗೆ ಅಂತಾನೇ ಬೇರೆ ಮಾಡ್ತಿದ್ರು). ನಾಳ ಕಟ್ಟಿರುವಾಗ ಹಾಲು ಹೆಚ್ಚು ಮಾಡೋದು ಅಂದ್ರೆ ತೂಬು ಮುಚ್ಚಿರೋ ಕೆರೆಗೆ ಇನ್ನೂ ನೀರು ಬಿಟ್ಟ ಹಾಗೆ ಅಲ್ವಾ.

ನನ್ನ ಸುದ್ದಿ ಹೇಳ್ತೀನಿ. ಜ್ವರ 36 ಗಂಟೆಯಲ್ಲಿ ಬಿಡ್ತು. ಅದು ಆಂಟಿಬಯೋಟಿಕ್‌ದೋ, ಕಷಾಯದ್ದೋ, ಮಗು ಕುಡಿದಿದ್ದರದ್ದೋ ನಾನು ಬೇರೆ ಮಾಡಿ ಹೇಳಲಾರೆ, ಎಲ್ಲ ಒಟ್ಟಿಗೇ ನಡೀತು. ಪ್ರತಿ ಸಲ ಹೋದಾಗ ಡಾಕ್ಟರಮ್ಮ ಹೊಸ ಗೆರೆ ಎಳೀತಿದ್ರು, ಹಳೇ ಗೆರೆ ಒಳಗೆ ಹೊಸ ಗೆರೆ, ಅದರೊಳಗೆ ಇನ್ನೊಂದು, ಮರದ ತಿರುಳಿನ ಉಂಗುರದ ಥರ. ಕೊನೇ ಗೆರೆ ಒಂದು ಅಡಿಕೆಯಷ್ಟಿತ್ತು, ಮೊನ್ನೆ ಅದೂ ಕೈಗೆ ಸಿಗ್ಲಿಲ್ಲ.

ಸಿಟ್ಟಿಗೂ ಯಕೃತ್ತಿಗೂ ಹಾಲಿಗೂ ಅವರು ಹೇಳೋ ಸಂಬಂಧ ನಿಜಾನೋ ಅಲ್ವೋ ಅಂತ ನಾನು ವಾದ ಮಾಡಲ್ಲ. ಆದ್ರೆ ಈ ಏಳು ವಾರದಲ್ಲಿ ಎಷ್ಟು ಜನ ಡಾಕ್ಟ್ರು ನರ್ಸು ನೋಡಿದ್ರು, ಮಗು ತೂಕ ಕೇಳಿದ್ರು, ನನ್ನ ಬಿಪಿ ನೋಡಿದ್ರು, ಮನಸ್ಸಲ್ಲಿ ಏನಿದೆ ಅಂತ ಕೇಳಿದ್ದು ಅವರೊಬ್ರೇ. ಅವತ್ತೇ ರಾತ್ರಿ ನಮ್ಮನೆಯವ್ರ ಹತ್ರ ಎಲ್ಲ ಹೇಳ್ಕೊಂಡೆ, ಅವರು ರಾತ್ರಿ ಎರಡು ಗಂಟೆ ಸರದಿ ತಗೊಂಡ್ರು. ಅಮ್ಮಂಗೆ ವೀಸಾ ಬಂದಿದೆ, ಮುಂದಿನ ಮಂಗಳವಾರ ಬರ್ತಾರೆ. ಆಯಿ ಈಗ್ಲೇ ಕೇಳ್ತಿದಾರೆ, ನಿಮ್ಮಮ್ಮ ಏನ್ ತಿಂತಾರೆ, ಅವ್ರಿಗೆ ಏನ್ ಮಾಡ್ಲಿ ಅಂತ.